ಕೇಳಿ–ಹೇಳಿ: ಫುಡ್ ಪ್ಯಾಂಟ್ರಿಯ ಒಳಹೊರಗು

ಅಮೆರಿಕದಲ್ಲಿರುವ ಓದುಗರಿಂದ, ಅಲ್ಲಿಗೆ ಮಕ್ಕಳ ಮನೆಗೆ ಹೋಗಿಬಂದ ಹಿರಿಯರಿಂದ ಫುಡ್ ಪ್ಯಾಂಟ್ರಿಗಳ ಬಗ್ಗೆ ಸಾಕಷ್ಟು ಪ್ರಶ್ನೆಗಳು ಬಂದಿವೆ. ಈ ಸಲದ ಪುಟಗಳು ಪೂರ್ತಿ ಅವಕ್ಕೇ. ಪ್ಯಾಂಟ್ರಿಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ. ಕೊನೆಯ ಪ್ರಶ್ನೆ ಮಾತ್ರ ಮೈಸೂರಿನದು.

ಮಗನ ಮನೆ ಹತ್ತಿರದ ಚರ್ಚಿನ ಮುಂದೆ ಗುರುವಾರ ಗುರುವಾರ ಕಾರುಗಳ ಸಾಲು ನಿಲ್ಲುತ್ತದೆ. ಕೆಲವರು ಫುಡ್ ಪ್ಯಾಂಟ್ರಿ ಅಂತಾರೆ, ಕೆಲವರು ಫುಡ್ ಬ್ಯಾಂಕ್ ಅಂತಾರೆ. ಇದು ನಮ್ಮ ರೇಷನ್ ಅಂಗಡಿ ಥರದ್ದೇ? ಅಥವಾ ಊಟ ಹಾಕುತ್ತಾರೋ?
— ಶಿವಮೊಗ್ಗದ ಓದುಗರು, ಸದ್ಯ ಒಹಾಯೊ

ಊಟ ಹಾಕುವ ಜಾಗವನ್ನು ಅಲ್ಲಿ ಸೂಪ್ ಕಿಚನ್ ಅನ್ನುತ್ತಾರೆ. ಪ್ಯಾಂಟ್ರಿಯಲ್ಲಿ ಸಿಗುವುದು ಮನೆಗೆ ಒಯ್ದು ಅಡುಗೆ ಮಾಡಿಕೊಳ್ಳುವ ದಿನಸಿ, ತರಕಾರಿ, ಹಾಲು, ಬ್ರೆಡ್. ಫುಡ್ ಬ್ಯಾಂಕ್ ಎಂದರೆ ಗೋದಾಮು. ಲಾರಿಗಟ್ಟಲೆ ಬರುವ ಆಹಾರವನ್ನು ಅಲ್ಲಿ ಇಳಿಸಿ, ವಿಂಗಡಿಸಿ, ಸುತ್ತಲಿನ ನೂರಾರು ಪ್ಯಾಂಟ್ರಿಗಳಿಗೆ ಹಂಚುತ್ತಾರೆ. ಮನೆಯವರ ಕೈಗೆ ಸಾಮಾನು ಮುಟ್ಟಿಸುವುದು ಪ್ಯಾಂಟ್ರಿ. ಈ ಪದ್ಧತಿ ಶುರುವಾದದ್ದು 1967ರಲ್ಲಿ, ಅರಿಜೋನಾದ ಫೀನಿಕ್ಸ್ ನಗರದಲ್ಲಿ. ಜಾನ್ ವ್ಯಾನ್ ಹೆಂಗೆಲ್ ಎಂಬವರು ಅಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಕಟ್ಟಿದರು. ಇವತ್ತು ಫೀಡಿಂಗ್ ಅಮೆರಿಕ ಎಂಬ ಒಕ್ಕೂಟದಡಿ ಸುಮಾರು 200 ಫುಡ್ ಬ್ಯಾಂಕ್‌ಗಳಿವೆ.

ರೇಷನ್ ಅಂಗಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ರೇಷನ್ ಕಾರ್ಡಿದ್ದವರಿಗೆ ಇಂತಿಷ್ಟು ಕಿಲೊ ಎಂಬ ಹಕ್ಕು ಇರುತ್ತದೆ. ಪ್ಯಾಂಟ್ರಿಯಲ್ಲಿ ಅಂಥ ಹಕ್ಕಿಲ್ಲ, ಬಂದದ್ದನ್ನು ಹಂಚುತ್ತಾರೆ. ಬರುವುದು ನಾಲ್ಕು ದಾರಿಯಿಂದ. ಒಂದು, ಕೇಂದ್ರ ಕೃಷಿ ಇಲಾಖೆ ಕೊಡುವ ಆಹಾರ. 1981ರಲ್ಲಿ ಸರ್ಕಾರದ ಗೋದಾಮುಗಳಲ್ಲಿ ರಾಶಿ ಬಿದ್ದಿದ್ದ ಚೀಸ್ ಖಾಲಿ ಮಾಡಲು ಹುಟ್ಟಿದ ಈ ‘ಟೀಫ್ಯಾಪ್’ ಯೋಜನೆಯ ಹೆಸರಿನಲ್ಲಿ ಆಗ ‘ತಾತ್ಕಾಲಿಕ’ ಎಂಬ ಮಾತಿತ್ತು. 1990ರಲ್ಲಿ ಆ ಮಾತನ್ನು ತೆಗೆದುಹಾಕಿದರು, ಯೋಜನೆ ಉಳಿದುಕೊಂಡಿತು. ಎರಡನೆಯದು, ಸೂಪರ್‌ಮಾರ್ಕೆಟ್‌ಗಳಲ್ಲಿ ಮಾರಾಟವಾಗದೆ ಉಳಿದ ಬ್ರೆಡ್, ತರಕಾರಿ, ಮಾಂಸ, ಹಾಲು. ಮೂರನೆಯದು, ಶಾಲೆ, ಕಚೇರಿ, ಸಂಘಗಳು ಕೂಡಿಸಿ ಕೊಡುವ ಡಬ್ಬಿಗಳು. ನಾಲ್ಕನೆಯದು, ದುಡ್ಡು ಕೊಟ್ಟು ಸಗಟಿನಲ್ಲಿ ಕೊಂಡದ್ದು. ಹೊರಗಿನವರ ಕಣ್ಣಿಗೆ ಬೀಳುವುದು ಮೂರನೆಯದೇ. ಆದರೆ ಅಷ್ಟನ್ನೇ ನೆಚ್ಚಿಕೊಂಡ ಪ್ಯಾಂಟ್ರಿ ಮೂರು ತಿಂಗಳೂ ನಡೆಯುವುದಿಲ್ಲ.

ಕೆಲಸ ಹೋಗಿ ಎರಡು ತಿಂಗಳಾಯಿತು. ಮನೆಯಲ್ಲಿ ನಾಲ್ಕು ಜನ. ಪ್ಯಾಂಟ್ರಿಗೆ ಹೋಗಬೇಕೆಂದರೆ ಏನೇನು ಕಾಗದಪತ್ರ ಕೇಳುತ್ತಾರೆ? ವೀಸಾಕ್ಕೆ ತೊಂದರೆ ಆಗುತ್ತದೆಯೇ? ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿಲ್ಲದೆ ಹೋಗಲು ಹಿಂಜರಿಕೆ.
— ಡಲ್ಲಾಸ್‌ನಿಂದ ಓದುಗರು

ಬಹಳ ಕಡೆ ಕೇಳುವುದು ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ, ವಯಸ್ಸು. ಟೀಫ್ಯಾಪ್ ಆಹಾರ ಪಡೆಯಲು ನಿಮ್ಮ ಆದಾಯ ರಾಜ್ಯ ಗೊತ್ತುಪಡಿಸಿದ ಮಿತಿಯೊಳಗಿದೆ ಎಂದು ನೀವೇ ಬರೆದು ಸಹಿ ಮಾಡಿದರೆ ಸಾಮಾನ್ಯವಾಗಿ ಸಾಕು. ಸಂಬಳದ ಚೀಟಿ ತೋರಿಸಬೇಕಿಲ್ಲ. ತಮ್ಮ ಪಿನ್‌ಕೋಡ್ ವ್ಯಾಪ್ತಿಯವರಿಗೆ ಮಾತ್ರ ಕೊಡುವ ಪ್ಯಾಂಟ್ರಿಗಳು ವಿಳಾಸದ ಪುರಾವೆ ಕೇಳಬಹುದು. ಒಂದು ಕರೆಂಟ್ ಬಿಲ್ ಇಟ್ಟುಕೊಂಡು ಹೋಗಿ. ಯಾವ ಪ್ಯಾಂಟ್ರಿ ಎಂದು ತಿಳಿಯದಿದ್ದರೆ 211ಕ್ಕೆ ಫೋನ್ ಮಾಡಿ, ಹತ್ತಿರದ್ದು ಹೇಳುತ್ತಾರೆ.

ವೀಸಾ ವಿಷಯ: ಫಲಾನುಭವಿಗಳ ವಲಸೆ ಸ್ಥಿತಿಯನ್ನು ಪರಿಶೀಲಿಸಲೇಬೇಕೆಂಬ ಹೊಣೆಯಿಂದ ಲಾಭರಹಿತ ದತ್ತಿ ಸಂಸ್ಥೆಗಳಿಗೆ 1996ರ ಕಾನೂನು ವಿನಾಯಿತಿ ಕೊಟ್ಟಿದೆ. ಪ್ಯಾಂಟ್ರಿಯ ಅಕ್ಕಿಬೇಳೆ ನಗದು ನೆರವೂ ಅಲ್ಲ. ಆದರೆ ಸರ್ಕಾರದ ಬೇರೆ ಯೋಜನೆಗಳಿಗೆ ಅರ್ಜಿ ಹಾಕುವ ಮುನ್ನ ವಲಸೆ ವಕೀಲರನ್ನು ಕೇಳಿ. ಅಲ್ಲಿನ ನಿಯಮಗಳು ಬದಲಾಗುತ್ತಲೇ ಇರುತ್ತವೆ.

ಒಳಗಿನ ಕ್ರಮ ಸರಳ. ಹಳೆಯ ಪದ್ಧತಿಯಲ್ಲಿ ಮೊದಲೇ ತುಂಬಿಟ್ಟ ಚೀಲ ಕೈಗಿಡುತ್ತಾರೆ. ಈಚೆಗೆ ಹೆಚ್ಚುತ್ತಿರುವುದು ‘ಆಯ್ಕೆ ಪ್ಯಾಂಟ್ರಿ’. ಬಾಗಿಲಲ್ಲಿ ನಂಬರ್ ಚೀಟಿ ಸಿಗುತ್ತದೆ. ಚೆನ್ನಾಗಿ ನಡೆಸುವ ಕಡೆ ನಂಬರುಗಳನ್ನು ಕಲಸಿ ಕೊಡುತ್ತಾರೆ. ಮೊದಲು ಬಂದವರಿಗೆ ಮೊದಲು ಎಂದರೆ ಬೆಳಗಿನ ಜಾವವೇ ಚಳಿಯಲ್ಲಿ ಸಾಲು ಕಟ್ಟುತ್ತದೆ. ಚೀಟಿ ಕಲಸಿದರೆ ಬೇಗ ಬಂದು ಲಾಭವಿಲ್ಲ, ಸಾಲೂ ಇಲ್ಲ. ಆಮೇಲೆ ತಳ್ಳುಗಾಡಿ ಹಿಡಿದು ಕಪಾಟುಗಳ ಮುಂದೆ ಸಾಗಬೇಕು. ಒಂದೊಂದು ಕಪಾಟಿಗೂ ಒಂದು ಚೀಟಿ ಅಂಟಿಸಿರುತ್ತಾರೆ: 1–2 ಜನರ ಮನೆಗೆ ಇಷ್ಟು, 3–5 ಜನರಿಗೆ ಇಷ್ಟು, 6ಕ್ಕೆ ಮೇಲಿದ್ದರೆ ಇಷ್ಟು. ಬೇಡದ್ದನ್ನು ಬಿಟ್ಟು ಮುಂದೆ ಹೋಗಬಹುದು. ಕೊನೆಯಲ್ಲಿ ತೂಕ ಹಾಕುತ್ತಾರೆ. ಅದು ಅವರ ಲೆಕ್ಕಕ್ಕೆ, ನೀವು ಏನೂ ಕೊಡಬೇಕಿಲ್ಲ. ಟೀಫ್ಯಾಪ್ ಆಹಾರಕ್ಕೆ ಹಣ ಕೇಳುವುದು ನಿಯಮಕ್ಕೆ ವಿರುದ್ಧ.

ಎಷ್ಟು ಸಿಗುತ್ತದೆ? ಸಾಮಾನ್ಯವಾಗಿ ಮೂರರಿಂದ ಐದು ದಿನದ ಸಾಮಾನು. 1.2 ಪೌಂಡ್ ಆಹಾರ ಒಂದು ಊಟಕ್ಕೆ ಸಮ ಎಂಬುದು ಅಲ್ಲಿನ ಲೆಕ್ಕ. ನಾಲ್ಕು ಜನ, ಮೂರು ದಿನ, ದಿನಕ್ಕೆ ಮೂರು ಹೊತ್ತು ಎಂದರೆ 36 ಊಟ, ಸುಮಾರು 43 ಪೌಂಡ್. ನಮ್ಮ ಲೆಕ್ಕದಲ್ಲಿ 19–20 ಕಿಲೊ. ಕಾರಿಲ್ಲದವರು ಇದನ್ನು ಹೊತ್ತು ಬಸ್ ಹತ್ತಲಾರರು. ಚಕ್ರವಿರುವ ಚೀಲ ತನ್ನಿ. ಬರಲಾಗದ ಹಿರಿಯರ ಪರವಾಗಿ ಬೇರೆಯವರು ಒಯ್ಯಲು ಒಪ್ಪಿಗೆ ಪತ್ರದ ವ್ಯವಸ್ಥೆ ಬಹಳ ಕಡೆ ಇದೆ, ಕೇಳಿ ನೋಡಿ. ಇನ್ನೊಂದು ಮಾತು. ತಿಂಗಳ ಕೊನೆಯ ವಾರ ಹೋಗುವುದಾದರೆ ಕಾಯಲು ಸಿದ್ಧರಾಗಿರಿ. ಸರ್ಕಾರದ ಆಹಾರ ಕಾರ್ಡಿನಲ್ಲಿದ್ದ ಹಣ ಮುಗಿದ ಮನೆಗಳೆಲ್ಲ ಆಗಲೇ ಬರುತ್ತವೆ.

ಡಬ್ಬಿಯ ಮೇಲಿನ ತಾರೀಖು ಮುಗಿದಿದ್ದರೂ ಪ್ಯಾಂಟ್ರಿಯವರು ಕೊಡುತ್ತಾರೆ. ಬಡವರಿಗೆ ಹಳಸಿದ್ದು ಕೊಡುವುದು ಸರಿಯೇ?
— ನ್ಯೂಜೆರ್ಸಿಯಿಂದ ಓದುಗರು

ಕೋಪ ಸಹಜ. ಆದರೆ ಅಮೆರಿಕದಲ್ಲಿ ‘ಬೆಸ್ಟ್ ಬೈ’, ‘ಸೆಲ್ ಬೈ’ ಎಂದು ಮುದ್ರಿಸುವ ತಾರೀಖು ರುಚಿ–ಗುಣಮಟ್ಟದ ಬಗ್ಗೆ ತಯಾರಕರು ಕೊಡುವ ಅಂದಾಜು. ಕೇಂದ್ರ ಕಾನೂನು ತಾರೀಖನ್ನು ಕಡ್ಡಾಯ ಮಾಡಿರುವುದು ಶಿಶು ಹಾಲಿನ ಪುಡಿಗೆ ಮಾತ್ರ. ಅದರ ದಿನ ಮುಗಿದಿದ್ದರೆ ಪ್ಯಾಂಟ್ರಿ ಕೊಡಕೂಡದು, ನೀವೂ ತಗೊಳ್ಳಕೂಡದು.

ಉಳಿದವಕ್ಕೆ ಆಹಾರದ ಜಾತಿ ನೋಡಬೇಕು. ಟೊಮ್ಯಾಟೊ, ಅನಾನಸ್‌ನಂಥ ಹುಳಿ ಪದಾರ್ಥದ ಡಬ್ಬಿ 12ರಿಂದ 18 ತಿಂಗಳು ಚೆನ್ನಾಗಿರುತ್ತದೆ. ಬೀನ್ಸ್, ಮೆಕ್ಕೆಜೋಳ, ಮಾಂಸ, ಮೀನಿನಂಥ ಹುಳಿಯಿಲ್ಲದ್ದು 2ರಿಂದ 5 ವರ್ಷ. ಹುಳಿ ತಗಡನ್ನು ತಿನ್ನುತ್ತದೆ, ಅದಕ್ಕೇ ಆ ವ್ಯತ್ಯಾಸ. ಹಾಲು 40 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ಅಂದರೆ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದ್ದರೆ ತಾರೀಖಿನ ಮೇಲೆ ಕೆಲವು ದಿನ ತಡೆಯುತ್ತದೆ. ಮಾಂಸದ ವಿಷಯದಲ್ಲಿ ಸಡಿಲವಿಲ್ಲ. ಪೊಟ್ಟಣದ ಮೇಲಿನ ದಿನ ಮುಗಿಯುವ ಮೊದಲೇ ಅಂಗಡಿಯವರು ಫ್ರೀಜರಿಗೆ ಹಾಕಿ ಗಟ್ಟಿ ಮಾಡಿರಬೇಕು.

ತಾರೀಖಿಗಿಂತ ಡಬ್ಬಿಯ ಮೈ ಮುಖ್ಯ. ಕೈಗೆತ್ತಿಕೊಂಡಾಗ ಮೊದಲು ಮುಚ್ಚಳದ ನಡುವೆ ಹೆಬ್ಬೆರಳಿನಿಂದ ಒತ್ತಿ. ಅಲುಗಾಡದಿರಬೇಕು. ಒತ್ತಿದಾಗ ಒಳಗೆ ಹೋಗಿ ‘ಟಕ್’ ಎಂದು ಮೇಲೆ ಬಂದರೆ, ಅಥವಾ ಮುಚ್ಚಳ ಉಬ್ಬಿದ್ದರೆ ಒಳಗೆ ಗಾಳಿ ಹುಟ್ಟಿದೆ ಎಂದರ್ಥ. ತೆರೆಯಬೇಡಿ, ರುಚಿ ನೋಡಬೇಡಿ, ಚೀಲದಲ್ಲಿ ಕಟ್ಟಿ ಎಸೆಯಿರಿ. ಬಾಟ್ಯುಲಿಸಂ ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಆಮೇಲೆ ಬೆರಳನ್ನು ಮೇಲಿನ ಅಂಚು, ಕೆಳಗಿನ ಅಂಚು, ಪಕ್ಕದ ಬೆಸುಗೆಯ ಗೆರೆ ಉದ್ದಕ್ಕೆ ಆಡಿಸಿ. ಈ ಮೂರು ಕಡೆ ನೆಗ್ಗಿದ್ದರೆ ಬೇಡ. ಹೊಟ್ಟೆಭಾಗದಲ್ಲಿ ಮೆತ್ತಗೆ ತಗ್ಗಾಗಿದ್ದರೆ ಪರವಾಗಿಲ್ಲ. ಆದರೆ ಆ ತಗ್ಗಿನಲ್ಲಿ ಮಡಿಕೆ ಚೂಪಾಗಿದ್ದರೆ ತಗಡು ಸೀಳಿರಬಹುದು, ಬೇಡ. ತುಕ್ಕು ಬಟ್ಟೆಯಿಂದ ಒರೆಸಿದರೆ ಹೋಗಬೇಕು, ಹೋಗದಿದ್ದರೆ ಬೇಡ. ಚೀಟಿ ಕಿತ್ತುಹೋದ ಡಬ್ಬಿಯನ್ನೂ ಕೊಡುವಂತಿಲ್ಲ: ಒಳಗೆ ಶೇಂಗಾ, ಎಳ್ಳು, ಹಾಲು ಏನಿದೆಯೋ ತಿಳಿಯದೆ ಅಲರ್ಜಿ ಇದ್ದವರು ತಿಂದರೆ ಜೀವಕ್ಕೆ ಅಪಾಯ.

ಮೊಟ್ಟೆಯದು ಸ್ವಲ್ಪ ಬೇರೆ ಕಥೆ. ನಮ್ಮಲ್ಲಿ ಅಂಗಡಿಯವರು ಮೊಟ್ಟೆಯನ್ನು ಹೊರಗೇ ಇಡುತ್ತಾರೆ. ಅಮೆರಿಕದಲ್ಲಿ ತೊಳೆದು ಪ್ಯಾಕ್ ಮಾಡುವುದರಿಂದ ಚಿಪ್ಪಿನ ಮೇಲಿನ ಸಹಜ ಲೇಪ ಹೋಗಿರುತ್ತದೆ, ಫ್ರಿಜ್ಜಿನಲ್ಲೇ ಇರಬೇಕು. ಪೆಟ್ಟಿಗೆಯ ಒಂದು ಪಕ್ಕದಲ್ಲಿ 001ರಿಂದ 365ರವರೆಗಿನ ಮೂರಂಕಿ ಇರುತ್ತದೆ, ವರ್ಷದ ಎಷ್ಟನೇ ದಿನ ಪ್ಯಾಕ್ ಆಯಿತು ಎಂದು. 045 ಅಂದರೆ ಫೆಬ್ರವರಿ 14. ಅಲ್ಲಿಂದ ನಾಲ್ಕೈದು ವಾರ ಲೆಕ್ಕ ಹಾಕಿಕೊಳ್ಳಿ. ಒಡೆದ ಮೊಟ್ಟೆ ತೆಗೆದು ಬೇರೆ ಪೆಟ್ಟಿಗೆಯದು ಸೇರಿಸಿ ಡಜನ್ ಪೂರ್ತಿ ಮಾಡುವುದನ್ನು ಎಷ್ಟೋ ಫುಡ್ ಬ್ಯಾಂಕ್‌ಗಳು ಒಪ್ಪುವುದಿಲ್ಲ. ಆ ಮೂರಂಕಿಗೆ ಆಮೇಲೆ ಬೆಲೆಯೇ ಇರುವುದಿಲ್ಲವಲ್ಲ.

ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಂದು ಫುಡ್ ಡ್ರೈವ್ (ಪ್ಯಾಂಟ್ರಿಗೆ ಆಹಾರ ಕೂಡಿಸುವುದು) ಮಾಡುವ ಯೋಚನೆ ಇದೆ. ಏನೇನು ತರಲು ಸದಸ್ಯರಿಗೆ ಹೇಳಬೇಕು?
— ಕೂಟವೊಂದರ ಸಮಿತಿ ಸದಸ್ಯರು, ಕ್ಯಾಲಿಫೋರ್ನಿಯಾ

ಮೊದಲು ತಿಂಗಳು ಬದಲಾಯಿಸಿ. ನವೆಂಬರ್–ಡಿಸೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಎಂದು ಊರೆಲ್ಲ ಡಬ್ಬಿ ತಂದು ಸುರಿಯುತ್ತದೆ, ವಿಂಗಡಿಸಲು ಕೈಗಳು ಸಾಲುವುದಿಲ್ಲ. ಕಪಾಟು ಬರಿದಾಗುವುದು ಜನವರಿಯಿಂದ ಮುಂದೆ. ಮೇ ತಿಂಗಳ ಎರಡನೇ ಶನಿವಾರ ಅಂಚೆಯವರು ಮನೆಮನೆಯಿಂದ ಆಹಾರ ಒಯ್ಯುವ ಅಭಿಯಾನ 1993ರಿಂದ ದೇಶಾದ್ಯಂತ ನಡೆಯುತ್ತಿದೆ, ಅದರಿಂದ ಸ್ವಲ್ಪ ಉಸಿರು. ಮತ್ತೆ ಬೇಸಿಗೆ ರಜೆಯಲ್ಲಿ ಶಾಲೆಯ ಊಟ ನಿಂತು ಮಕ್ಕಳಿರುವ ಮನೆಗಳು ಹೆಚ್ಚು ಬರುತ್ತವೆ, ದಾನಿಗಳು ಪ್ರವಾಸದಲ್ಲಿರುತ್ತಾರೆ. ಹಾಗಾಗಿ ಯುಗಾದಿ, ಇಲ್ಲವೇ ಕೂಟದ ಬೇಸಿಗೆ ಪಿಕ್ನಿಕ್ ಒಳ್ಳೆಯ ಸಮಯ.

ಎರಡನೆಯದಾಗಿ, ಪ್ಯಾಂಟ್ರಿಗೆ ಫೋನ್ ಮಾಡಿ ಏನು ಬೇಕೆಂದು ಕೇಳಿ. ಕ್ರೀಮ್ ಕಾರ್ನ್, ಕುಂಬಳದ ಡಬ್ಬಿ ಬೇಡವೆನ್ನುವಷ್ಟಿರುತ್ತವೆ. ಸದಾ ಕೊರತೆ ಇರುವುದು ಅಡುಗೆ ಎಣ್ಣೆ, ಉಪ್ಪು, ಮಸಾಲೆ ಪದಾರ್ಥ, ಕಾಫಿ–ಟೀ ಪುಡಿ. ಯಾರೂ ತರುವುದಿಲ್ಲ, ಇಲ್ಲದೆ ಅಡುಗೆ ಆಗುವುದಿಲ್ಲ. ಆಮೇಲೆ ಸೋಪು, ಡಯಾಪರ್, ಸ್ಯಾನಿಟರಿ ಪ್ಯಾಡ್, ಟಾಯ್ಲೆಟ್ ಪೇಪರ್. ಸರ್ಕಾರದ ಆಹಾರ ಕಾರ್ಡಿನಿಂದ ಇವನ್ನು ಕೊಳ್ಳುವಂತಿಲ್ಲ, ಹಾಗಾಗಿ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ. ಮೋಟೆಲಿನಲ್ಲಿ, ಕಾರಿನಲ್ಲಿ ಬದುಕುವವರಿಗೆ ಒಲೆಯೇ ಇರುವುದಿಲ್ಲ. ಅವರಿಗೆ ಉಂಗುರ ಎಳೆದು ತೆರೆಯುವ ಡಬ್ಬಿ ಬೇಕು. ಮಾಮೂಲಿ ಡಬ್ಬಿ ತರುವವರು ಜೊತೆಗೆ ಕೆಲವು ಕ್ಯಾನ್ ಓಪನರ್ ಸೇರಿಸಿ.

ಇಂಡಿಯನ್ ಅಂಗಡಿಯ ಬೇಳೆ, ಅಕ್ಕಿ ಧಾರಾಳವಾಗಿ ಕೊಡಬಹುದು. 1–2 ಪೌಂಡಿನ ಬೇಳೆ, 2–5 ಪೌಂಡಿನ ಅಕ್ಕಿ ಪೊಟ್ಟಣ ಕೊಳ್ಳಿ. ಪದಾರ್ಥಗಳ ಪಟ್ಟಿ ಇಂಗ್ಲಿಷಿನಲ್ಲಿ ಇರಲೇಬೇಕು. 20 ಪೌಂಡಿನ ಸೋನಾಮಸೂರಿ ಚೀಲ ಬಿಚ್ಚಿ ಮನೆಯಲ್ಲಿ ಜಿಪ್‌ಲಾಕ್ ಚೀಲಕ್ಕೆ ಸುರಿದು ತಂದರೆ ಅದು ನೇರ ಕಸಕ್ಕೆ ಹೋಗುತ್ತದೆ. ಚೀಟಿಯಿಲ್ಲದ, ತೆರೆದ ಆಹಾರವನ್ನು ಪ್ಯಾಂಟ್ರಿ ಮುಟ್ಟುವಂತಿಲ್ಲ. ಮನೆಯ ಚಕ್ಕುಲಿ, ಕೋಡುಬಳೆ, ಮಿಡಿ ಉಪ್ಪಿನಕಾಯಿಯೂ ಬೇಡ. ಎಷ್ಟೇ ರುಚಿಯಾಗಿರಲಿ, ಅವು ಕೂಟದ ಊಟದ ಮೇಜಿನ ಮೇಲೇ ಇರಲಿ. ಗಾಜಿನ ಬಾಟಲಿಯೂ ಬೇಡ. ಒಂದು ಒಡೆದರೆ ಇಡೀ ಪೆಟ್ಟಿಗೆ ಎಸೆಯಬೇಕು.

ಪೆಟ್ಟಿಗೆಗೆ ಸೂಪರ್‌ಮಾರ್ಕೆಟ್‌ನಲ್ಲಿ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ಕೇಳಿ ತನ್ನಿ. ಫುಡ್ ಬ್ಯಾಂಕ್‌ಗಳಲ್ಲೆಲ್ಲ ಅದೇ ಬಳಕೆ. ಗಟ್ಟಿ, ಹಿಡಿಯಲು ಕಿಂಡಿ ಇದೆ, ಒಂದರ ಮೇಲೊಂದು ಕೂರುತ್ತದೆ. ತಳದಲ್ಲಿ ದೊಡ್ಡ ತೂತು ಇರುವುದರಿಂದ ಒಂದು ರಟ್ಟು ಹಾಸಿ. ಬರೀ ಡಬ್ಬಿ ತುಂಬಿದರೆ ಎತ್ತಲಾಗದು. ಕೆಳಗೆ ಒಂದು ಸಾಲು ಡಬ್ಬಿ, ಮೇಲೆ ಓಟ್ಸ್, ಪಾಸ್ತಾದಂಥ ಹಗುರ ಸಾಮಾನು ಇಟ್ಟು ಒಂದು ಪೆಟ್ಟಿಗೆ 30 ಪೌಂಡ್ ದಾಟದಂತೆ ನೋಡಿಕೊಳ್ಳಿ.

ಕೊಟ್ಟ ಆಹಾರದಿಂದ ಯಾರಿಗಾದರೂ ತೊಂದರೆಯಾದರೆ ಕೂಟದ ಮೇಲೆ ಕೇಸು ಬೀಳುತ್ತದೆಯೇ ಎಂದೂ ಕೇಳಿದ್ದೀರಿ. ಬಿಲ್ ಎಮರ್ಸನ್ ಹೆಸರಿನ 1996ರ ಕಾನೂನು ಲಾಭರಹಿತ ಸಂಸ್ಥೆಗೆ ಸದ್ಭಾವನೆಯಿಂದ ಆಹಾರ ಕೊಟ್ಟವರನ್ನು ರಕ್ಷಿಸುತ್ತದೆ. ಗೊತ್ತಿದ್ದೂ ಕೆಟ್ಟದ್ದು ಕೊಟ್ಟರೆ, ತೀರಾ ನಿರ್ಲಕ್ಷ್ಯ ತೋರಿದರೆ ರಕ್ಷಣೆ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ: ಡಬ್ಬಿಗಿಂತ ದುಡ್ಡು ಕೊಡಿ. 1 ಡಾಲರಿನಿಂದ ಕನಿಷ್ಠ 10 ಊಟ ಎನ್ನುತ್ತದೆ ಫೀಡಿಂಗ್ ಅಮೆರಿಕ. ಅದು ಪುಕ್ಕಟೆ ಬರುವ ಆಹಾರವನ್ನು ಸಾಗಿಸುವ ಖರ್ಚೂ ಸೇರಿದ ಲೆಕ್ಕ, ಅಂಗಡಿಯ ಬೆಲೆ ಅಲ್ಲ. ಆದರೂ ನೀವು ಚಿಲ್ಲರೆಯಲ್ಲಿ ಕೊಳ್ಳುವುದಕ್ಕೂ ಅವರು ಸಗಟಿನಲ್ಲಿ ಕೊಳ್ಳುವುದಕ್ಕೂ ಅಜಗಜಾಂತರ. ದುಡ್ಡಿದ್ದರೆ ಅವರು ಈ ವಾರ ಖಾಲಿಯಾದದ್ದನ್ನೇ ತರಬಹುದು. ಮಕ್ಕಳಿಗೆ ಕೊಡುವ ಅಭ್ಯಾಸ ಆಗಲಿ ಎಂಬುದಿದ್ದರೆ ಪೆಟ್ಟಿಗೆಯೊಂದನ್ನು ಇಡಿ, ಪಕ್ಕದಲ್ಲೇ ಹುಂಡಿಯನ್ನೂ ಇಡಿ.

ನಾನು ಶನಿವಾರ ಪ್ಯಾಂಟ್ರಿಯೊಂದರಲ್ಲಿ ವಾಲಂಟಿಯರ್. ತರಕಾರಿ ಬಂದ ಎರಡೇ ದಿನಕ್ಕೆ ಅರ್ಧ ಕೊಳೆಯುತ್ತದೆ. ಆಲೂಗಡ್ಡೆಯಂತೂ ವಾಸನೆ. ಎಲ್ಲಿ ತಪ್ಪುತ್ತಿದ್ದೇವೆ?
— ಷಿಕಾಗೋದಿಂದ ಓದುಗರು

ಆಲೂಗಡ್ಡೆಯಿಂದ ಶುರು ಮಾಡೋಣ. 50 ಪೌಂಡಿನ ಚೀಲ ಬಂದ ತಕ್ಷಣ ಹೊರಗಿನಿಂದ ಮುಟ್ಟಿ ನೋಡಿ. ಎಲ್ಲಿ ಒದ್ದೆಯೋ ಅಲ್ಲಿ ಒಳಗೆ ಒಂದು ಕೊಳೆತಿದೆ, ಅದರ ನೀರು ಸುತ್ತಲಿನದ್ದಕ್ಕೂ ಹರಿದಿರುತ್ತದೆ. ಆ ಚೀಲವನ್ನು ಒಳಗೆ ತರುವ ಮೊದಲೇ ಹೊರಗೆ ಮೇಜಿನ ಮೇಲೆ ಸುರಿದು, ಕೈಗವಸು ಹಾಕಿ, ಮೆತ್ತಗಾದವನ್ನು ತೆಗೆಯಿರಿ. ಉಳಿದವನ್ನು ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಲು ಬಿಟ್ಟು, ಆಮೇಲೆ 5 ಪೌಂಡಿನಂತೆ ಬಲೆಚೀಲಕ್ಕೆ ತುಂಬಿ. ನೀವು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಕಟ್ಟುತ್ತಿದ್ದೀರಿ ಎಂದು ಬರೆದಿದ್ದೀರಿ. ವಾಸನೆಯ ಮೂಲ ಅದೇ: ಬೆವರು ಹೊರಹೋಗಲು ದಾರಿಯಿಲ್ಲ. ಬೆಳಕಿಗೆ ಹಸಿರಾದದ್ದನ್ನು ಕೊಡಬೇಡಿ. ಈರುಳ್ಳಿಯನ್ನು ಇನ್ನೊಂದು ಮೂಲೆಗೆ ಸಾಗಿಸಿ, ಎರಡೂ ಒಟ್ಟಿಗಿದ್ದರೆ ಒಂದನ್ನೊಂದು ಬೇಗ ಕೆಡಿಸುತ್ತವೆ.

ಸೇಬು, ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತದೆ, ಸೌತೆಕಾಯಿ ಮೆತ್ತಗಾಗುತ್ತದೆ. ಒಂದೇ ಕೂಲರಿನಲ್ಲಿ, ಅಂದರೆ ಪ್ಯಾಂಟ್ರಿಯ ದೊಡ್ಡ ಫ್ರಿಜ್ಜಿನಲ್ಲಿ, ಇಡುವುದಾದರೆ ಸೇಬನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಗಿಡಿ. ಬಾಳೆಹಣ್ಣು, ಟೊಮ್ಯಾಟೊ ಕೂಲರಿಗೆ ಬೇಡವೇ ಬೇಡ.

ಕೂಲರ್ 40 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು, ಫ್ರೀಜರ್ 0 ಡಿಗ್ರಿ. ಬಾಗಿಲ ಮೇಲಿನ ಅಂಕಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ತೂಗುಹಾಕಿ, ತೆರೆದ ದಿನವೆಲ್ಲ ಎರಡು ಸಲ ಬರೆದಿಡಿ. ಫುಡ್ ಬ್ಯಾಂಕಿನ ತಪಾಸಣೆಯವರು ಮೊದಲು ಕೇಳುವುದು ಆ ಹಾಳೆಯನ್ನೇ. ಅಂಗಡಿಯಿಂದ ತರುವಾಗ ತಣ್ಣನೆಯದ್ದು ಹೊರಗೆ ಒಟ್ಟು 2 ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 90 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ 4 ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ.

ಒಣ ಸಾಮಾನು ನೆಲದಿಂದ 6 ಇಂಚು ಮೇಲಿರಲಿ, ಗೋಡೆಗೆ ತಾಗದಿರಲಿ. ಹಿಂದೆ ಇಲಿಯೋ ನೀರೋ ಬಂದರೆ ಕಾಣಬೇಕು. ಹೊಸದನ್ನು ಹಿಂದಕ್ಕೆ, ಹಳೆಯದನ್ನು ಮುಂದಕ್ಕೆ. ಇದು ಎಲ್ಲರಿಗೂ ಗೊತ್ತು, ಆದರೆ ಅವಸರದ ಶನಿವಾರ ಯಾರೂ ಮಾಡುವುದಿಲ್ಲ. ಅದಕ್ಕೊಂದು ಉಪಾಯ: ಸಾಮಾನು ಇಳಿಸಿದ ದಿನವೇ ಪೆಟ್ಟಿಗೆಗೆ ತಿಂಗಳಿಗೊಂದು ಬಣ್ಣದ ಚುಕ್ಕಿ ಅಂಟಿಸಿ. ಓದದೆಯೇ ಹಳೆಯದು ಯಾವುದೆಂದು ಕಾಣುತ್ತದೆ.

ಹಂಚುವ ಸಾಲಿನಲ್ಲಿ ಆಲೂಗಡ್ಡೆ, ಡಬ್ಬಿ ಮೊದಲು ಬರಲಿ. ಬ್ರೆಡ್, ಮೊಟ್ಟೆ ಕೊನೆಗೆ. ತಿರುಗಾಮುರುಗಾ ಇಟ್ಟರೆ ಬ್ರೆಡ್ ಮೇಲೆ ಆಲೂಗಡ್ಡೆ ಬೀಳುತ್ತದೆ.

ನಾವು ಸಸ್ಯಾಹಾರಿಗಳು. ಚರ್ಚಿನ ಪ್ಯಾಂಟ್ರಿಯಲ್ಲಿ ಪ್ರಾರ್ಥನೆಗೆ ಕೂರಬೇಕೇ? ಡಬ್ಬಿಯ ಬೀನ್ಸ್ ತಂದರೆ ಬರೀ ಉಪ್ಪು. ಏನು ಮಾಡುವುದು?
— ಅಟ್ಲಾಂಟಾದಿಂದ ಗೃಹಿಣಿಯೊಬ್ಬರು

ಸರ್ಕಾರದ ಆಹಾರ ಹಂಚುವ ಪ್ಯಾಂಟ್ರಿ ಪ್ರಾರ್ಥನೆಯನ್ನು ಷರತ್ತು ಮಾಡುವಂತಿಲ್ಲ.

ಚೀಟಿ ಓದುವಾಗ ಮೂರು ಕಡೆ ಎಚ್ಚರ. ‘ಪೋರ್ಕ್ ಅಂಡ್ ಬೀನ್ಸ್’ ಬೇರೆ ಬೀನ್ಸ್ ಡಬ್ಬಿಗಳ ನಡುವೆಯೇ ಕೂತಿರುತ್ತದೆ. ‘ರೀಫ್ರೈಡ್ ಬೀನ್ಸ್’ನಲ್ಲಿ ‘ಲಾರ್ಡ್’ ಎಂದಿದ್ದರೆ ಅದು ಹಂದಿ ಕೊಬ್ಬು. ತರಕಾರಿ ಸೂಪಿನಲ್ಲೂ ‘ಬೀಫ್ ಬ್ರಾತ್’ ಇರುವುದುಂಟು.

ಉಪ್ಪಿಗೆ ಉಪಾಯ: ಬೀನ್ಸಿನ ನೀರು ಬಸಿದು, ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಒಂದು ನಿಮಿಷ ತೊಳೆದರೆ ಸೋಡಿಯಂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಅದು ಆಗಲೇ ಬೆಂದಿರುತ್ತದೆ, ಕುಕ್ಕರಿಗೆ ಹಾಕಿದರೆ ಮುದ್ದೆಯಾಗುತ್ತದೆ. ಹುಳಿ ಕುದಿಯುವಾಗ ಕೊನೆಯ ಹತ್ತು ನಿಮಿಷಕ್ಕೆ ಸೇರಿಸಿ, ಉಪ್ಪನ್ನು ರುಚಿ ನೋಡಿದ ಮೇಲೇ ಹಾಕಿ. ‘ಬ್ಲ್ಯಾಕ್ ಐಡ್ ಪೀಸ್’ ನಮ್ಮ ಅಲಸಂದೆ. ಒಣ ‘ಸ್ಪ್ಲಿಟ್ ಪೀಸ್’ ಬಟಾಣಿ ಬೇಳೆ, ಅರ್ಧ ತೊಗರಿ ಜೊತೆ ಬೆರೆಸಿದರೆ ಸಾರಿಗೆ ಸಲ್ಲುತ್ತದೆ. ಪೀನಟ್ ಬಟರ್ ಸಕ್ಕರೆ ಇಲ್ಲದ್ದು ಸಿಕ್ಕರೆ ಎಣ್ಣೆಗಾಯಿ ಮಸಾಲೆಗೆ ಎರಡು ಚಮಚ ಸಾಕು.

ವಿದ್ಯಾರ್ಥಿಗಳು ಕ್ಯಾಂಪಸ್ ಪ್ಯಾಂಟ್ರಿಯಿಂದ ತಗೊಳ್ಳುವುದು ತಪ್ಪೇ?
— ಮಿಷಿಗನ್‌ನಿಂದ ವಿದ್ಯಾರ್ಥಿ

ತಪ್ಪಲ್ಲ. ಕ್ಯಾಂಪಸ್ ಪ್ಯಾಂಟ್ರಿ ಇರುವುದೇ ವಿದ್ಯಾರ್ಥಿಗಳಿಗಾಗಿ. ನಿಮ್ಮದೇ ರಾಜ್ಯದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 1993ರಲ್ಲೇ ಶುರು ಮಾಡಿತ್ತು. ಬಾಡಿಗೆ ಕಟ್ಟಿ ಕೈ ಖಾಲಿಯಾದ ವಾರ ಹೋಗಿ. ‘ಫ್ರೀ ಗ್ರಾಸರಿ’ ಎಂದು ವಿಡಿಯೊ ಮಾಡಿ ಹಾಕುವುದು ಮಾತ್ರ ಬೇಡ, ನಿಮ್ಮ ಹಿಂದೆ ನಿಂತವರಿಗೆ ಅದರ ಬಿಸಿ ತಟ್ಟುತ್ತದೆ.

ನಮ್ಮ ಬಡಾವಣೆಯ ಸಂಘದಿಂದ ಇಂಥದ್ದೊಂದು ಇಲ್ಲೂ ಮಾಡಬಹುದೇ? ಬೀದಿಯಲ್ಲಿ ಕಪಾಟು ಇಟ್ಟು, ಇದ್ದವರು ಇಡಲಿ, ಬೇಕಾದವರು ಒಯ್ಯಲಿ ಎಂಬ ಆಲೋಚನೆ. ಸುತ್ತಮುತ್ತ ಕಟ್ಟಡ ಕೆಲಸದವರ, ಮನೆಗೆಲಸದವರ ಮನೆಗಳಿವೆ.
— ಮೈಸೂರಿನಿಂದ ನಿವೃತ್ತ ಶಿಕ್ಷಕರು

ಮಾಡಬಹುದು ಸಾರ್. ಬೀದಿ ಕಪಾಟಿನ ವಿಚಾರ ಹೊಸದಲ್ಲ. ಅಮೆರಿಕದ ಅರ್ಕನ್ಸಾದ ಫೇಯೆಟ್‌ವಿಲ್‌ನಲ್ಲಿ 2016ರಲ್ಲಿ ಇಂಥ ಪುಟ್ಟ ಕಪಾಟು ನಿಲ್ಲಿಸಿದರು, ಅದು ಎಲ್ಲೆಡೆ ಹಬ್ಬಿತು. ಫಿಲಿಪೀನ್ಸ್‌ನ ಕ್ವೆಜಾನ್ ಸಿಟಿಯ ಮಗಿನ್ಹಾವ ಬೀದಿಯಲ್ಲಿ 2021ರ ಏಪ್ರಿಲ್‌ನಲ್ಲಿ ಒಂದು ಬಿದಿರಿನ ಗಾಡಿಯಿಂದ ಆರಂಭವಾದದ್ದು ಕೆಲವೇ ದಿನಗಳಲ್ಲಿ ದೇಶ ತುಂಬಿತು. ಸಾಲುಗಳೂ ನೂಕುನುಗ್ಗಲೂ ಅಷ್ಟೇ ಬೇಗ ಬಂದವು. ಕಪಾಟು ಬಿಸ್ಕತ್ತು, ನೀರಿನ ಬಾಟಲಿಗೆ ಸರಿ. ಒಂದು ಮನೆ ನೆಚ್ಚಿಕೊಳ್ಳುವಷ್ಟು ಅದರಿಂದ ಆಗುವುದಿಲ್ಲ: ಬೆಳಿಗ್ಗೆ ತುಂಬಿದ್ದು ಹತ್ತು ಗಂಟೆಗೆ ಖಾಲಿ, ಬಿಸಿಲಿಗೆ ಎಣ್ಣೆ ಕಮಟು, ಮಳೆಗೆ ಬೇಳೆ ಒದ್ದೆ.

ತಿಂಗಳಿಗೊಮ್ಮೆ ತೆರೆಯುವ ಪ್ಯಾಂಟ್ರಿಯೇ ಮೇಲು. ಕೊಡಬೇಕಾದದ್ದು ಅಕ್ಕಿಯಲ್ಲ. ಅನ್ನಭಾಗ್ಯ 2013ರಿಂದ ಇದೆ, ಕಾರ್ಡಿದ್ದ ಮನೆಗೆ ಅಕ್ಕಿ ಬರುತ್ತದೆ. ಬೇರೆ ರಾಜ್ಯದ ಕಟ್ಟಡ ಕೆಲಸದವರಲ್ಲಿ ಊರಿನ ಕಾರ್ಡಿದ್ದರೆ ‘ಒಂದು ದೇಶ ಒಂದು ಪಡಿತರ’ ವ್ಯವಸ್ಥೆಯಡಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಆಹಾರ ಭದ್ರತಾ ಕಾಯ್ದೆಯ ಪಾಲು ಎತ್ತಬಹುದು. ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ. ನಿಮ್ಮ ಸಂಘದ ಮೊದಲ ಕೆಲಸ ಅವರ ಜೊತೆ ಅಂಗಡಿಗೆ ಹೋಗಿ ಹೆಬ್ಬೆಟ್ಟು ಕೊಡಿಸುವುದು. ಆಮೇಲೆ ಉಳಿಯುವ ಕೊರತೆ ಬೇಳೆ, ಎಣ್ಣೆ, ಸೋಪಿನದು. ನಾಲ್ಕು ಜನರ ಮನೆಗೆ ತಿಂಗಳಿಗೆ ತೊಗರಿಬೇಳೆ 2 ಕಿಲೊ, ಅಡುಗೆ ಎಣ್ಣೆ 2 ಲೀಟರ್, ಉಪ್ಪು 1 ಕಿಲೊ, ಸಕ್ಕರೆ 1 ಕಿಲೊ, ರವೆ 1 ಕಿಲೊ, ಟೀ ಪುಡಿ 250 ಗ್ರಾಂ, ಸಾರಿನ ಪುಡಿ 200 ಗ್ರಾಂ, ಮೈಸೋಪು 2, ಬಟ್ಟೆಸೋಪು 2. ಕಾರ್ಡೇ ಇಲ್ಲದವರಿಗೆ ಅಕ್ಕಿ ಸೇರಿಸಿ. ಇವನ್ನು ಚೀಲ ಕಟ್ಟಿ ಕೊಡುವ ಬದಲು ಮೇಜಿನ ಮೇಲೆ ಇಟ್ಟು ಆರಿಸಿಕೊಳ್ಳಲು ಬಿಡಿ. ರವೆ ಬೇಡ, ಜೋಳದ ಹಿಟ್ಟು ಬೇಕು ಎನ್ನುವ ಮನೆಗಳಿರುತ್ತವೆ; ಒಡಿಶಾ, ಬಿಹಾರದವರು ಸಾಸಿವೆ ಎಣ್ಣೆ ಕೇಳಬಹುದು.

ಚೀಲ ಬಿಚ್ಚಿ ತೂಗಿ ಕಟ್ಟುವ ಗೋಜಿಗೆ ಹೋಗದೆ ಕಂಪನಿಯ 1 ಕಿಲೊ ಪೊಟ್ಟಣಗಳನ್ನೇ ಸಗಟಿನಲ್ಲಿ ಕೊಳ್ಳಿ. ಮಳೆಗಾಲದಲ್ಲಿ ಬೇಳೆಗೆ ಹುಳು ಬೇಗ ಬೀಳುತ್ತದೆ, ಒಂದು ತಿಂಗಳಿಗೆ ಆಗುವಷ್ಟೇ ತನ್ನಿ, ಹಲಗೆಯ ಮೇಲಿಡಿ. ಕಲ್ಯಾಣಮಂಟಪದ, ಹೋಟೆಲಿನ ಉಳಿದ ಅನ್ನ ಸಾರನ್ನು ಇದರಲ್ಲಿ ಬೆರೆಸಬೇಡಿ. ಮಿಕ್ಕ ಆಹಾರ ಹಂಚಲು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ಪ್ರತ್ಯೇಕ ನಿಯಮ ಮಾಡಿದೆ. ನೋಂದಣಿ ಬೇಕು, ತಯಾರಿಸಿದ ಸಮಯ, ಸಸ್ಯಾಹಾರವೋ ಮಾಂಸಾಹಾರವೋ ಎಂಬ ಚೀಟಿ ಬೇಕು. ಅದು ಬೇರೆಯೇ ಕಸುಬು. ಅಮೆರಿಕದ ತಾರೀಖಿನ ಲೆಕ್ಕವನ್ನೂ ಇಲ್ಲಿಗೆ ತರಬೇಡಿ, ಇಲ್ಲಿ ಅವಧಿ ಮುಗಿದ ಪೊಟ್ಟಣವನ್ನು ಕೊಡಲೇಬೇಡಿ.

ಮೊದಲ ಮೂರು ತಿಂಗಳು 20–25 ಮನೆ ಸಾಕು. ಹೆಸರು, ಜನ, ಫೋನ್ ನಂಬರ್ ಇಷ್ಟೇ ಬರೆದುಕೊಳ್ಳಿ. ಕಿಟ್ ಕೊಡುವಾಗ ಫೋಟೊ ತೆಗೆಯುವ ಪದ್ಧತಿ ಬಿಟ್ಟುಬಿಡಿ. ದಾನಿಗಳಿಗೆ ಲೆಕ್ಕ ಬೇಕಿದ್ದರೆ ಅಂಗಡಿ ಬಿಲ್ಲು, ತೂಕದ ಪಟ್ಟಿ ತೋರಿಸಬಹುದು. ದಿನ ತಿಂಗಳ 20–25ರ ನಡುವೆ ಇರಲಿ, ಸಂಬಳ ಕರಗುವುದು ಆಗ. ಹೊತ್ತು ಸಂಜೆ 6ರಿಂದ 8. ನಿವೃತ್ತರಿಗೆ ಬೆಳಿಗ್ಗೆ 10 ಗಂಟೆ ಅನುಕೂಲ ಎಂದು ಬರೆದಿದ್ದೀರಿ. ಆ ಹೊತ್ತಿಗೆ ಬಾಗಿಲು ತೆಗೆದರೆ ಕೂಲಿಯವರು ಆ ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ, ಇಲ್ಲವೇ ಬರುವುದೇ ಇಲ್ಲ.